ಜರಡಿ ಹಿಡಿದ ವಿಷ

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಭಾವನವರು ಬೆಳೆಯ ಹುಳ ಕೊಲ್ಲುವ ಪುಡಿ ತಯಾರಿಸುತ್ತಿದ್ದರು. ತಯಾರಿಕೆ ಎಂದರೆ ಇಷ್ಟೇ: ಮದರಾಸಿನ ಆಮದುದಾರರು ಡ್ರಮ್ಮಿನಲ್ಲಿ ಕಳಿಸುವ ವಿಷಕ್ಕೆ ಬಳಪದ ಪುಡಿ ಬೆರೆಸಿ, ಪೊಟ್ಟಣ ಕಟ್ಟಿ, ಆಲೂಗಡ್ಡೆ ಬೆಳೆಯುವವರಿಗೆ ಮಾರುವುದು. ಬೆರೆಸಿದ್ದನ್ನು ಜರಡಿ ಹಿಡಿಯುತ್ತಿದ್ದವರು ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದ ಓರಗಿತ್ತಿ. ರಾಗಿಹಿಟ್ಟು ಜರಡಿ ಹಿಡಿಯುವುದರಲ್ಲಿ ಅಕ್ಕನ ಕೈ ಚುರುಕೆಂದು ಈ ಕೆಲಸವೂ ಅವರ ಪಾಲಿಗೇ ಬಂದಿತ್ತು. ಮೂಗಿಗೆ ಸೆರಗು ಸುತ್ತಿಕೊಳ್ಳುತ್ತಿದ್ದರು. ಅದೇ ಸೆರಗಿನಲ್ಲಿ ಮಕ್ಕಳ ಬಾಯಿ ಒರೆಸುತ್ತಿದ್ದರು. ಆ ವರ್ಷ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದರು. ಕಣ್ಣು ಚೆನ್ನಾಗಿಯೇ ಇತ್ತು, ಬೆರಳು ನಿಲ್ಲುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಇಂಥ ವಿಷ ತರಿಸುವವರೂ ತಯಾರಿಸುವವರೂ ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ಕಾಯ್ದೆ ಬಂತು. ಮದರಾಸಿನವರು ತಮ್ಮ ಅರ್ಜಿಗೆ ಬೇಕೆಂದು ನಮಗೂ ಒಂದು ಇಂಗ್ಲಿಷ್ ಫಾರಂ ಕಳಿಸಿದರು. ಎಲ್ಲಿ ಬೆರೆಸುತ್ತೀರಿ, ಯಾರು ಬೆರೆಸುತ್ತಾರೆ, ಅವರಿಗೇನು ರಕ್ಷಣೆ? ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಕಾನ್ವೆಂಟಿನಲ್ಲಿ ಓದಿದ ನನಗೊಬ್ಬಳಿಗೇ. ಭಾವ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಕ್ಕನನ್ನು ನಡುವೆ ನಿಲ್ಲಿಸಿಕೊಂಡು ಹೇಳಿದರು:

“ಬೇರೆ ಷೆಡ್ಡು, ಇಬ್ರು ಗಂಡಾಳು, ಕೈಗೆ ಗ್ಲೌಸು. ಹಂಗೇ ಬರಿಯೋಕೆ ಹೇಳೇ ಆ ಮಹಾರಾಣಿಗೆ.”

ನಾನು ಬರೆದೆ: ಅಡುಗೆಮನೆ ಹಿಂದಿನ ಜಗಲಿ, ಮನೆಯ ಹೆಂಗಸು, ಸೀರೆಯ ಸೆರಗು. ಕೆಳಗೆ ಭಾವ ಸಹಿ ಹಾಕಿದರು.

ಮೂರು ವಾರಕ್ಕೆ ಉತ್ತರ ಬಂತು. ಅದನ್ನೂ ನಾನೇ ಓದಬೇಕಾಯಿತು. ಷೆಡ್ಡು ಕಟ್ಟಿ ಆಳುಗಳನ್ನಿಡುವ ತನಕ ಮಾಲು ಕಳಿಸುವುದಿಲ್ಲವಂತೆ.

“ಅವರಿಗ್ಯಾರೇ ಚಾಡಿ ಹೇಳಿದ್ದು?” ಎಂದು ಭಾವ ಅಕ್ಕನನ್ನು ಗದರಿದರು.

“ನಾನೇ ಬರೆದೆ,” ಎಂದೆ.

“ನೋಡೇ, ಓದಿದೋಳ್ನ ಮನೆ ತುಂಬಿಸ್ಕೊಂಡಿದ್ದಕ್ಕೆ! ಡ್ರಮ್ಮಲ್ಲಿ ಉಳಿದಿರೋದನ್ನ ಇವತ್ತೇ ಜರಡಿ ಹಿಡಿ, ಏಳು.”

ಅಕ್ಕ ನನ್ನತ್ತ ತಿರುಗಿದರು. “ನಿನ್ನ ಯಾರು ಕೇಳಿದ್ರು ಕಣೇ? ನನ್ನ ಗಂಡನ್ನ ನಗೆಪಾಟ್ಲು ಮಾಡೋಕೆ ನನ್ನ ಸೆರಗೇ ಬೇಕಾಗಿತ್ತಾ?” ಜರಡಿ ಎತ್ತಿಕೊಂಡು ಜಗಲಿಗೆ ನಡೆದರು.

ನಾನು ಅವರಿಗಿಂತ ಮೊದಲು ಹೋಗಿ ಡ್ರಮ್ಮಿನ ಮುಚ್ಚಳದ ಮೇಲೆ ಕುಳಿತೆ. ಅದುವರೆಗೂ ಭಾವನೆದುರು ಕುಳಿತವಳೇ ಅಲ್ಲ.

“ಎಬ್ಬಿಸೇ ಅವಳ್ನ!” ಎಂದು ಕೂಗಿದರು. ತಮ್ಮನ ಹೆಂಡತಿಯನ್ನು ಅವರು ಮುಟ್ಟುವಂತಿರಲಿಲ್ಲ. ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದ ನನ್ನ ಗಂಡ ಶನಿವಾರದವರೆಗೆ ಬರುವಂತಿರಲಿಲ್ಲ. ಅಕ್ಕ ನನ್ನ ರಟ್ಟೆ ಹಿಡಿದು ಎಳೆದರು. ಬೆರಳು ನಡುಗಿ ನಡುಗಿ ಹಿಡಿತ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಭಾವನೂ ನೋಡುತ್ತ ನಿಂತಿದ್ದರು.

“ಥೂ, ನಿಮ್ಮಿಬ್ಬರ ಮುಖಕ್ಕೆ!” ಎಂದು ಚಪ್ಪಲಿ ಮೆಟ್ಟಿ, ಜರಡಿ ಹಿಡಿಯುವ ಆಳುಗಳನ್ನು ಕರೆತರಲು ಹೊರಟರು.

“ಒಲೆ ಮೇಲೆ ಸಾರಿದೆ. ಎದ್ದು ನೋಡ್ಬಾರ್ದಾ?” ಎಂದರು ಅಕ್ಕ, ಸಿಟ್ಟಿನಿಂದಲೇ.

“ನೀವೇ ನೋಡಿ ಅಕ್ಕ. ಆಳು ಬರೋತನ್ಕ ನಾನು ಏಳಲ್ಲ.”

ಜರಡಿಯನ್ನು ನನ್ನ ಕಾಲಬುಡಕ್ಕೆ ಎಸೆದು ಒಳಗೆ ಹೋದರು.