ಸ್ಟಾರ್ಟ್ ಆಗದ ಕಾರು, ಅವ್ವನ ಕರ್ಪೂರ

ಚೆಂಬೂರಿನ ನಮ್ಮ ಬಿಲ್ಡಿಂಗಿನ ಕೆಳಗೆ ನಾನು, ಅವ್ವ, ಹೆರಿಗೆ ನೋವು ಶುರುವಾಗಿದ್ದ ತಂಗಿ ಮೂವರೇ ಇದ್ದೆವು. ಗಾಬರಿಯಲ್ಲಿ ನಾನು ನಮ್ಮ ಹಳೆಯ ಕಾರಿನ ಚೋಕ್ ಎಳೆದೆಳೆದು ಕೀಲಿ ತಿರುಗಿಸಿದೆ. ಕಾರು ಕೆಮ್ಮಿ ಸುಮ್ಮನಾಯಿತು. ಬಾನೆಟ್ ಎತ್ತಿದರೆ, ಅತಿಯಾಗಿ ಚೋಕ್ ಎಳೆದದ್ದಕ್ಕೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಉಕ್ಕಿ ಇಂಜಿನ್ ಮೇಲೆಲ್ಲ ಹರಿದಿತ್ತು.

"ಯಾರದೋ ಕಣ್ಣು ಬಿದ್ದೈತಿ" ಎಂದು ಮನೆಗೆ ಓಡಿದ್ದ ಅವ್ವ, ದೃಷ್ಟಿ ತೆಗೆಯಲು ಆರತಿ ತಟ್ಟೆಯಲ್ಲಿ ಉರಿಯುವ ಕರ್ಪೂರ ಹಿಡಿದು ಬಂದೇಬಿಟ್ಟಳು.

"ಯವ್ವಾ, ಅಲ್ಲೇ ನಿಂದ್ರಬೇ! ಪೆಟ್ರೋಲ್ ಸೋರಾಕತ್ತೈತಿ!" ಎಂದು ಕೂಗಿದೆ.

ಆರತಿಯ ಬೆಂಕಿಯನ್ನು ಊದಬಾರದೆಂದು ಅವ್ವ ಅದನ್ನು ಬರಿಯ ಅಂಗೈಯಲ್ಲೇ ಒತ್ತಿ ನಂದಿಸಿದಳು.

ಪೆಟ್ರೋಲ್ ಆರುವವರೆಗೂ ತಂಗಿಯ ನರಳಾಟ ಕೇಳುತ್ತ ನಿಂತೆ. ಆಮೇಲೆ ಚೋಕ್ ಮುಟ್ಟದೆ, ಇಂಜಿನ್ನಿನೊಳಗೆ ತುಂಬಿದ್ದ ಹೆಚ್ಚಿನ ಪೆಟ್ರೋಲ್ ಹೊರಹೋಗಲೆಂದು ಆಕ್ಸಿಲರೇಟರ್ ಪೂರ್ತಿ ಒತ್ತಿ ಕೀಲಿ ತಿರುಗಿಸಿದಾಗ ಕಾರು ಗುರ್ರೆಂದಿತು.

ಸಂಜೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಂಗೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅವ್ವ ಮೊಮ್ಮಗಳನ್ನು ಮೊಣಕೈ ಮೇಲೇ ಮಲಗಿಸಿಕೊಂಡಳು.