ಅಕ್ಕನಿಗೆ ತಂಪು, ನನಗೆ ಬೆಂಕಿ

ಅಕ್ಕನ ಮೂಗಿನ ಎರಡೂ ಹೊಳ್ಳೆಗೆ ಮೂಗುಬಟ್ಟು ಇತ್ತು. ನಕ್ಕರೆ ಎರಡೂ ಒಟ್ಟಿಗೆ ಹೊಳೆಯುತ್ತಿದ್ದವು. ನನಗಿದ್ದದ್ದು ಒಂದೇ. ಚಳ್ಳಕೆರೆಯ ಈ ಮನೆಗೆ ಸೊಸೆಯಾಗಿ ಬಂದ ದಿನವೇ ಅದನ್ನು ಗಮನಿಸಿದ್ದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ; ನನ್ನ ಗಂಡನ ಅಣ್ಣನ ಹೆಂಡತಿ. ಭಾವನ ಅಂಗಡಿ ಮೊಳಕಾಲ್ಮೂರಿನಲ್ಲಿ, ಅವರ ಸಂಸಾರವೂ ಅಲ್ಲೇ. ದೂರವಿದ್ದರೂ ಹೋಲಿಕೆ ತಪ್ಪಲಿಲ್ಲ. ನಾನು ಶೇಂಗಾ ಚಟ್ನಿಪುಡಿ ಕುಟ್ಟಿದರೆ ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ, ಆದ್ರೆ ದೊಡ್ಡೋಳ ಕೈರುಚೀನೇ ಬ್ಯಾರೆ" ಅನ್ನುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ಕಾಯಿಲೆಯಲ್ಲಿ ಮಾತ್ರ ನಾನೇ ಮೊದಲು. ಹೃದಯದ ಬಡಿತ ತಾಳ ತಪ್ಪಿ ಓಡುವ ಕಾಯಿಲೆ. ಡಾಕ್ಟರು ಅದನ್ನು ಏಟ್ರಿಯಲ್ ಫಿಬ್ರಿಲೇಶನ್ ಅಂದರು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಹೃದಯದೊಳಗೆ ತಪ್ಪು ಬಡಿತ ಹುಟ್ಟುವ ಜಾಗದ ಸುತ್ತ ಚುಕ್ಕಿ ಚುಕ್ಕಿಯಾಗಿ ಸುಟ್ಟರು. ಮರುವರ್ಷ ಅಕ್ಕನಿಗೂ ಅದೇ ಕಾಯಿಲೆ. ಅವಳಿಗೆ ಸುಡಲಿಲ್ಲ, ಒಳಗೆ ಪುಟ್ಟ ಬಲೂನು ಉಬ್ಬಿಸಿ, ಆ ಜಾಗವನ್ನು ಸುತ್ತಲೂ ಒಂದೇ ಸಲಕ್ಕೆ ತಣ್ಣಗೆ ಹೆಪ್ಪುಗಟ್ಟಿಸಿದರು. ಇದರಲ್ಲೂ ಬೆಂಕಿ ನನಗೆ, ತಂಪು ಅವಳಿಗೆ!

"ಎರಡೂ ಹೆಚ್ಚುಕಡಿಮೆ ಒಂದೇ ಅಮ್ಮ. ಯಾವುದು ಮಾಡಿದರೂ ಕೆಲವರಿಗೆ ಮತ್ತೆ ಬರಬಹುದು" ಅಂದರು ಡಾಕ್ಟರು. ನಾನು ನಂಬಲಿಲ್ಲ, ಯಾಕೆಂದರೆ ಮತ್ತೆ ಬಂದದ್ದು ನನಗೆ. ದೇವರಮನೆಯಿಂದ ಅಡುಗೆಮನೆಗೆ ನಡೆಯುವಷ್ಟರಲ್ಲಿ ಏದುಸಿರು. ಇನ್ನೊಮ್ಮೆ ಸುಡಬೇಕು, ಹೀಗೇ ಬಿಟ್ಟರೆ ಹೃದಯ ಸೋಲಬಹುದು, ಪಾರ್ಶ್ವವಾಯುವೂ ಹೊಡೆಯಬಹುದು ಎಂದರು. ಹೆದರಿಕೆಗೆ ನಾನು ಸುತರಾಂ ಒಪ್ಪಲಿಲ್ಲ.

ಸುದ್ದಿ ತಿಳಿದು ಅಕ್ಕ ಬಸ್ಸು ಹತ್ತಿ ಬಂದಳು. ಬಂದವಳೇ ಸೆರಗು ಸಿಕ್ಕಿಸಿ, ಒಣಹಾಕಬೇಕಿದ್ದ ಶೇಂಗಾದ ಬುಟ್ಟಿ ಹೊತ್ತು ಸರಸರ ಮಾಳಿಗೆ ಹತ್ತಿದಳು. ಇಳಿದು ಬಂದು ನನ್ನೆದುರು ಕೂತಳು.

"ನೋಡ್ದೇನೇ? ಬಲೂನ್ ಹಾಕಿಸ್ಕಂಡ ಮ್ಯಾಲೆ ನನ್ನೆದೆ ಗಡಿಯಾರ ಇದ್ದಂಗೈತೆ."

"ನಿನ್ ಅದೃಷ್ಟ ಬಿಡಕ್ಕ. ನನ್ ಹಣೇಲಿ ಸುಡೋದೇ ಬರ್ದೈತೆ."

"ಥೂ, ಪಿಚ್ಚಿ!" ಅಂದಳು. ಅವಳ ತವರು ಆಂಧ್ರದ ರಾಯದುರ್ಗದ ಕಡೆ. ಹುಚ್ಚಿ ಅಂತ ಬೈಯುವಾಗ ತೆಲುಗೇ ಬರುತ್ತಿತ್ತು. "ನಂದು ಸರಿಹೋಗೈತೆ ಅಂದ್ಮ್ಯಾಲೆ ನಿಂದ್ಯಾಕೆ ಹೋಗಲ್ಲ? ನನಗಿಂತ ನೀನೇನು ಕಮ್ಮಿನಾ?"

ಆ ಕೊನೆಯ ಮಾತು ಕೆಣಕಿತು. ಇವಳು ಗುಂಡುಕಲ್ಲಿನಂತೆ ಓಡಾಡಿಕೊಂಡಿರಬೇಕು, ನಾನು ಮೂಲೆ ಹಿಡಿಯಬೇಕೇ? ಹಟಕ್ಕೆ ಬಿದ್ದು ಹೋಗಿ ಎರಡನೇ ಸಲ ಸುಡಿಸಿಕೊಂಡೆ. ಈ ಸಲ ಕಾಯಿಲೆ ನಿಂತಿತು. ಮನೆಗೆ ಬಂದವಳೇ ಅವಳಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡೆ. "ಗೆದ್ದೆ ಬಿಡವ್ವ" ಅಂದಳು ಅಕ್ಕ.

ಅದಾಗಿ ವಾರಕ್ಕೇ, ದೀಪಾವಳಿ ಬರುವ ಮೊದಲೇ, ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಉಳಿಯಲಿಲ್ಲ. ಕಾರ್ಯದ ಊಟವಾದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದರು.

"ನಿಂಗೊಂದು ಹೇಳ್ಬೇಕಮ್ಮ. ಅವಳ್ದೂ ತಿರ್ಗಾ ಶುರುವಾಗಿತ್ತು, ನಿನ್ ತಾವ ಬರೋಕ್ಮುಂಚೇನೇ. ಬಲೂನ್ ಹಾಕಿಸ್ಕಂಡೋರಿಗೂ ಬಂತು ಅಂತ ಗೊತ್ತಾದ್ರೆ ನೀನು ಆಸ್ಪತ್ರೆ ಕಡೆ ತಲೆ ಹಾಕಲ್ಲ ಅಂದ್ಲು. ಮೊದ್ಲು ನಿಂದು ಮುಗೀಲಿ, ಆಮ್ಯಾಲೆ ತಾನು ಹೋಗ್ತೀನಿ ಅಂದ್ಲು. ನಾನೆಷ್ಟು ಬಡ್ಕಂಡ್ರೂ ಕೇಳ್ಲಿಲ್ಲ."

ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಅವಳು ಎದುರಿಗಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ.

ನನ್ನ ಎದೆ ಈಗ ಸರಿಯಾಗಿ ಬಡಿಯುತ್ತದೆ. ನೆಂಟರೆಲ್ಲ ಅಕ್ಕನನ್ನು ದೇವತೆ ಅನ್ನುತ್ತಾರೆ, ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ನನ್ನದನ್ನೇ ನೋಡಿಕೊಳ್ಳುತ್ತಿದ್ದೆ.