ವಾಲಿದ ಪಾತ್ರೆಯಲ್ಲಿ ಒಂದು ಹಿಡಿ ಸಕ್ಕರೆ

ಇವತ್ತು ಬೆಳಿಗ್ಗೆ ಹಾಲು ಸೀಯಿತು. ಒಲೆಯ ಮುಂದೆಯೇ ನಿಂತಿದ್ದೆ, ಆದರೂ ಸೀಯಿತು. ಮೇಲಿನ ಕೋಣೆಯಿಂದ ಮಗಳು, "ಮಮ್ಮಿ, ಸಮ್‌ಥಿಂಗ್ಸ್ ಬರ್ನಿಂಗ್" ಎಂದಳು. "ಹಾಲು ಸೀದೈತಿ, ಕಿಟಕಿ ತಗಿ" ಎಂದೆ. "ಓಕೆ" ಎಂದಳು. ಕಿಟಕಿಯನ್ನು ಮಾತ್ರ ನಾನೇ ತೆಗೆದೆ. ನಮ್ಮ ಮನೆಯಲ್ಲಿ ಎರಡು ಭಾಷೆಗಳ ಸಂಸಾರ ಹೀಗೆಯೇ ಸಾಗುತ್ತದೆ.

ಸೀದ ಹಾಲಿಗೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಪಕ್ಕದ ಮನೆಯ ಮಿಕೆಲ್ ಹಾಗಲ್ಲ. ಕೆಲವು ವರ್ಷಗಳ ಹಿಂದೆ ಹೀಗೆಯೇ ಆದಾಗ ಹಿತ್ತಿಲಿನ ಬೇಲಿಯಾಚೆಯಿಂದ ತಲೆ ಎತ್ತಿ, "ನಮ್ಮಮ್ಮನ ಅಡುಗೆಮನೆಯ ವಾಸನೆ" ಎಂದಿದ್ದ. ಚುಚ್ಚಿ ಮಾತಾಡಿದನೆಂದೇ ತಿಳಿದೆ. ಆಮೇಲೆ ಗೊತ್ತಾಯಿತು, ಅವನು ಬಾಸ್ಕ್ ನಾಡಿನವನು. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಗುಡ್ಡಗಳಲ್ಲಿ ಕುರಿ ಸಾಕುವ ಮನೆತನ. ಅಲ್ಲಿ ಹಿಂದೆ ಹಾಲನ್ನು ಮರದ ಪಾತ್ರೆಯಲ್ಲಿ ಕರೆಯುತ್ತಿದ್ದರಂತೆ. ಮರವನ್ನು ಒಲೆಯ ಮೇಲಿಡುವಂತಿಲ್ಲವಲ್ಲ, ಅದಕ್ಕೆ ಕಲ್ಲನ್ನು ಕೆಂಡದಲ್ಲಿ ಕಾಯಿಸಿ ಹಾಲಿಗೇ ಹಾಕುವುದು. ಹಾಲು ಚುರ್ರೆಂದು ಕುದಿದು ಕೊಂಚ ಸೀಯುತ್ತದೆ. ನನಗೆ ಅತ್ತೆಯ ಬೈಗುಳ ತಂದುಕೊಟ್ಟ ವಾಸನೆ ಅವರಿಗೆ ರುಚಿ.

ಮಿಕೆಲ್ ಶಿಲ್ಪಿ. ಇಂಗ್ಲಿಷರ ನಾಡಿನ ನಮ್ಮ ಈ ಗ್ರೀನ್‌ಫರ್ಡಿನ ಗೋದಾಮುಗಳ ಸಾಲಿನಲ್ಲಿ ಅವನದೊಂದು ಶೆಡ್ಡು. ನಾನೋ, ಕಲ್ಲಾನೆಯ ಕಾಲಿಗೂ ಗೆಜ್ಜೆ ಕೆತ್ತಿದವರ ನಾಡಿನವಳು. ಅವನದು ಇದ್ದದ್ದನ್ನೂ ಕೆತ್ತಿ ತೆಗೆಯುವ ಕೆಲಸ. ಆ ವರ್ಷ ಓಕ್ ಮರದ ಒಂದೇ ದಿಮ್ಮಿಯಲ್ಲಿ ತನ್ನೂರಿನ ಆ ಹಾಲಿನ ಪಾತ್ರೆಯನ್ನೇ ಮಾಡುತ್ತಿದ್ದ. ಮೊದಲು ಹಿಡಿಕೆ ಹೋಯಿತು, ಆಮೇಲೆ ಬಾಯಿಯ ಅಂಚು ಹೋಯಿತು. ಕೊನೆಗೆ ಉಳಿದದ್ದು ಒಂದು ಕಡೆ ವಾಲಿದ ಮರ, ಅದರೊಳಗೊಂದು ಪೊಳ್ಳು.

ನಮ್ಮ ಮನೆಯವರು ಧಾರವಾಡದವರು, ಬಾಯಿ ಬಿಗಿ ಹಿಡಿಯುವವರಲ್ಲ. "ಇದರಾಗ ಅರ್ಧಾ ಹಾಲು ಚೆಲ್ಲಿ ಹೋಗ್ತೈತಿ. ಗಡಿಗಿ ನೆಟ್ಟಗ ಮಾಡಾಕ ಬರಂಗಿಲ್ಲೇನು ಇವಗ?" ಎಂದರು. ನಾನು ಮುಳ್ಳು ತೆಗೆದು ಅದನ್ನು ಇಂಗ್ಲಿಷಿಗೆ ತಂದೆ. ಮಿಕೆಲ್ ನಕ್ಕು ಸ್ಟೂಲಿನ ಮೇಲೆ ಕೂತು ಪಾತ್ರೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡ. ಹಾಗಿಟ್ಟಾಗ ಬಾಯಿ ಸರಿಯಾಗಿ ಮೇಲಕ್ಕೆ ಬಂತು.

"ಕೂತು ಹಾಲು ಕರೆಯುವವರಿಗಾಗಿ ಹೀಗೆ ವಾಲಿದೆ" ಎಂದ. "ನಾನು ಮಾಡುತ್ತಿರುವುದು ಒಳಗಿನ ಈ ಖಾಲಿ ಜಾಗವನ್ನು. ಮರ ಅದಕ್ಕೆ ಗೋಡೆ, ಅಷ್ಟೆ."

ಅದನ್ನು ಅವನು ತಾಯಿಗಾಗಿ ಮಾಡುತ್ತಿದ್ದ. ಆಕೆಗೆ ಮರೆವಿನ ಕಾಯಿಲೆ. ಮಗ ಹೋದರೆ ಪರಸ್ಥಳದ ಅತಿಥಿಯನ್ನು ಮಾತಾಡಿಸಿದಂತೆ ಮರ್ಯಾದೆಯಿಂದ ಮಾತಾಡಿಸುತ್ತಿದ್ದಳಂತೆ. ಆ ಮರ್ಯಾದೆಯೇ ಅವನಿಗೆ ತಡೆಯಲಾಗದ ನೋವು. ಮುಖ ಮರೆತರೂ ಆಕೆಯ ಕೈಗಳು ಮರೆತಿರಲಿಕ್ಕಿಲ್ಲ ಎಂಬ ಒಂದು ಆಸೆ ಅವನಿಗೆ ಉಳಿದಿತ್ತು.

ತಾಯಿಯ ಬಳಿಗೆ ಹೊರಡುವ ಹಿಂದಿನ ದಿನ, ಶೆಡ್ಡಿನ ಥಂಡಿಗೆ ಮರ ಬಿರಿದೀತೆಂದು ಪಾತ್ರೆಯನ್ನು ಸದಾ ಬೆಚ್ಚಗಿರುವ ನಮ್ಮ ಅಡುಗೆಮನೆಯಲ್ಲಿಟ್ಟು ಹೋದ. ಬೆಳಿಗ್ಗೆ ಕೊಂಡೊಯ್ಯಲು ಬಂದ. ಪಕ್ಕದ ಮನೆಯವರ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು. ನೀವೂ ಹಾಗೆ ಹಿಂತಿರುಗಿಸುವವರಲ್ಲ, ನನಗೆ ಗೊತ್ತು. ಯೋಚನೆಗೆ ಮೊದಲೇ ಕೈ ಡಬ್ಬಿಗೆ ಹೋಗಿ, ಒಂದು ಹಿಡಿ ಸಕ್ಕರೆ ಅದರೊಳಗೆ ಬಿದ್ದಿತ್ತು.

ಮಿಕೆಲ್ ಒಳಗೆ ಇಣುಕಿದ. ಅವನ ಮುಖ ಬಿಳಿಚಿತು. "ಖಾಲಿ ಇರುವುದೇ ಇದರ ಕೆಲಸ" ಎಂದಷ್ಟೇ ಹೇಳಿ, ಸಕ್ಕರೆಯನ್ನು ಸಿಂಕಿಗೆ ಸುರಿದು, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಟ್ಯಾಕ್ಸಿ ಹತ್ತಿದ. ಹೋಗಿಬರುತ್ತೇನೆ ಎನ್ನಲಿಲ್ಲ. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಆ ವಾರವೆಲ್ಲ ಸಕ್ಕರೆ ಹಾಕದೆಯೇ ಚಹಾ ಕುಡಿದೆ.

ತಿರುಗಿ ಬಂದವನು ತನ್ನ ಮನೆಗೆ ಹೋಗಲಿಲ್ಲ. ಬ್ಯಾಗು ಹೊತ್ತು ನೇರ ಬಂದು ನಮ್ಮ ಮೆಟ್ಟಿಲ ಮೇಲೆ ಕೂತ. ತಾಯಿ ಪಾತ್ರೆಯನ್ನು ನೋಡಲೂ ಇಲ್ಲವಂತೆ. ತೊಡೆಯ ಮೇಲಿಟ್ಟ ಕೂಡಲೇ ತಾನಾಗಿ ಮೊಣಕಾಲುಗಳ ನಡುವೆ ಸೇರಿಸಿಕೊಂಡಳಂತೆ. ಅಲ್ಲಿಯವರೆಗೆ ಅವನು ಅಂದುಕೊಂಡ ಹಾಗೆಯೇ ನಡೆಯಿತು. ಆಮೇಲೆ ಕೈಯನ್ನು ಒಳಗೆ ಇಳಿಬಿಟ್ಟಳು. ಉಳಿಯ ಗೀರುಗಳಲ್ಲಿ ಸಕ್ಕರೆ ಸಿಕ್ಕಿಕೊಂಡಿತ್ತು. ಬೆರಳನ್ನು ಬಾಯಿಗಿಟ್ಟು ಚಪ್ಪರಿಸಿ, ಹುಬ್ಬು ಗಂಟಿಕ್ಕಿ ಅವನ ಕಡೆ ತಿರುಗಿದಳು.

"ಹಾಲು ಕರೆಯೋಕೆ ಮೊದಲೇ ಸಕ್ಕರೆ ಹಾಕಿದ್ದೀಯಲ್ಲ, ಮಿಕೆಲ್."

ಅದನ್ನು ಹೇಳುತ್ತ ಅವನು ಅಳುತ್ತಿದ್ದ. "ನನ್ನನ್ನು ಬೈದಳು" ಎಂದು ಮತ್ತೆ ಮತ್ತೆ ಹೇಳಿದ. ನಮ್ಮ ಮನೆಯವರು ಎದ್ದು ಒಳಗೆ ಹೋಗಿ ಚಹಾಕ್ಕಿಟ್ಟರು. ಅವರು ಚಹಾ ಮಾಡುವುದು ಅಪರೂಪ.

ಪಾತ್ರೆ ತಾಯಿಯ ಹತ್ತಿರವೇ ಉಳಿಯಿತು. ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಮಿಕೆಲ್ ಅದನ್ನು ಮರಳಿ ತಂದ. ಶೆಡ್ಡಿನ ಥಂಡಿ ಇನ್ನೂ ಹೋಗಿಲ್ಲ, ಹಾಗಾಗಿ ಮತ್ತೆ ನಮ್ಮ ಅಡುಗೆಮನೆಗೇ ಬಂತು. ಸ್ಟ್ರಾಟ್‌ಫರ್ಡಿನ ಒಂದು ಪ್ರದರ್ಶನಕ್ಕೆ ಅದು ಇವತ್ತು ಹೋಗಬೇಕು. ನಿನ್ನೆ ಮಿಕೆಲ್ ಫೋನ್ ಮಾಡಿದಾಗ ನಾನೇ ಕೇಳಿದೆ, "ಈ ಸಲ ಏನಾದರೂ ಹಾಕಿ ಕೊಡಲೇ?" "ಬೇಡ. ಇನ್ನು ಅದರಲ್ಲಿ ಕೈಯಿಡುವವರು ಇಲ್ಲ" ಎಂದ.

ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಅದರ ಒಳಭಾಗವನ್ನು ಒರೆಸುತ್ತಾ ನಿಂತಿದ್ದಾಗಲೇ ಹಾಲು ಸೀದದ್ದು. ಆಕೆಯ ಬೆರಳು ಆಡಿದ ಕಡೆ ಗೀರುಗಳು ನುಣ್ಣಗಾಗಿವೆ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು, ಪಾತ್ರೆ ಒಯ್ಯಲು ಮಿಕೆಲ್ ಬಂದಿದ್ದ. ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ಇಲ್ಲಿಯ ಸೌತ್‌ಹಾಲಿನ ಗೆಳತಿಯರಿಗಾಗಲಿ ಇದುವರೆಗೆ ನಾನು ಖಾಲಿ ಪಾತ್ರೆ ಕೊಟ್ಟವಳಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಿದ್ದೆ. ಮತ್ತೆ ಮುಚ್ಚಿ, ಬಾಗಿಲು ತೆರೆಯಲು ಹೋದೆ.